ರೇಸ್ ಕಾರಿಗೆ ಅಳೆದು ಕೊಟ್ಟ ಇಂಧನ

2014ರ ಮಾರ್ಚ್ 16ರಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಫಾರ್ಮುಲಾ ಒನ್ ಕಾರ್ ರೇಸಿನ ಆ ವರ್ಷದ ಮೊದಲ ಪಂದ್ಯ ನಡೆಯಿತು. ರೆಡ್ ಬುಲ್ ತಂಡದ ಡೇನಿಯಲ್ ರಿಕಾರ್ಡೊ ಎರಡನೆಯವರಾಗಿ ಗುರಿ ಮುಟ್ಟಿದಾಗ ತವರಿನ ಪ್ರೇಕ್ಷಕರ ಸಂತೋಷಕ್ಕೆ ಪಾರವೇ ಇರಲಿಲ್ಲ. ವಿಜಯವೇದಿಕೆ ಏರಿದ್ದಾಯಿತು, ಜನರತ್ತ ಕೈ ಬೀಸಿದ್ದೂ ಆಯಿತು. ಆದರೆ ಕೆಲವು ಗಂಟೆಗಳ ಅನಂತರ ತೀರ್ಪುಗಾರರು ಅವರ ಹೆಸರನ್ನೇ ಫಲಿತಾಂಶದ ಪಟ್ಟಿಯಿಂದ ತೆಗೆದುಹಾಕಿದರು.

ರಿಕಾರ್ಡೊ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ. ಅಡ್ಡದಾರಿಯಲ್ಲಿ ಯಾರನ್ನೂ ಹಿಂದೆ ಹಾಕಿರಲಿಲ್ಲ. ಅವರ ಕಾರಿನ ಎಂಜಿನ್ ನಿಗದಿಗಿಂತ ಹೆಚ್ಚು ವೇಗವಾಗಿ ಇಂಧನ ಕುಡಿದಿತ್ತು, ಅಷ್ಟೇ. ಗಂಟೆಗೆ 100 ಕಿ.ಗ್ರಾಂ. ಮೀರಬಾರದು ಎಂಬುದು ಆ ವರ್ಷವೇ ಜಾರಿಗೆ ಬಂದ ನಿಯಮ. ಅಳೆಯುವ ಉಪಕರಣವೇ ಸರಿಯಿಲ್ಲವೆಂದು ತಂಡ ವಾದಿಸಿತು, ಮೇಲ್ಮನವಿಯನ್ನೂ ಸಲ್ಲಿಸಿತು. ಮುಂದಿನ ತಿಂಗಳು ಅದೂ ತಿರಸ್ಕೃತವಾಯಿತು.

ವೇಗವೇ ಸರ್ವಸ್ವವಾದ ಆಟದಲ್ಲಿ ಇಂಧನಕ್ಕೆ ಪಡಿತರ ಪದ್ಧತಿಯೇ? ಪಡಿತರದಿಂದ ರೇಸು ನಿಜಕ್ಕೂ ಹಸಿರಾಗುತ್ತದೆಯೇ? ಇಲ್ಲವೇ ಇದು ಬರಿಯ ತೋರಿಕೆಯೇ? ಮೆಲ್ಬರ್ನಿನಲ್ಲಿ ಎದ್ದ ಈ ಚರ್ಚೆ ಇಂದಿಗೂ ಮುಗಿದಿಲ್ಲ. ಹತ್ತನೆಯ ತರಗತಿಯ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನ ಬಲ್ಲವರು ಈ ಚರ್ಚೆಯ ತಿರುಳನ್ನು ತಾವೇ ಲೆಕ್ಕ ಹಾಕಿ ತಿಳಿಯಬಹುದು.

ಪಡಿತರ ಹೊಸದಲ್ಲ

ರೇಸಿಗೂ ಇಂಧನದ ಚಿಂತೆಗೂ ನಂಟು ಹಳೆಯದು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ಕಡಿವಾಣ ಹಾಕಿದಾಗ ಅಮೆರಿಕದಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ವಾಹನಗಳ ಸಾಲು ಬೆಳೆಯಿತು. ಜನ ಪೆಟ್ರೋಲಿಗಾಗಿ ಪರದಾಡುವಾಗ ಮೋಜಿಗಾಗಿ ಅದನ್ನು ಸುಡುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಹೀಗಾಗಿ 1974ರಲ್ಲಿ ಹೆಸರಾಂತ ಡೇಟೋನಾ 500 ಮೈಲಿ ಪಂದ್ಯವನ್ನು 450 ಮೈಲಿಗೆ ಇಳಿಸಿದರು.

ಪಂದ್ಯವನ್ನು ಚಿಕ್ಕದು ಮಾಡುವುದು ಸುಲಭದ ದಾರಿ. ಅದಕ್ಕಿಂತ ಜಾಣ ದಾರಿ 1982ರಲ್ಲಿ ಬಂತು. ಫ್ರಾನ್ಸಿನ ಲ ಮಾನ್‌ನಂತಹ ದೀರ್ಘ ಪಂದ್ಯಗಳಲ್ಲಿ ಓಡುವ 'ಗ್ರೂಪ್ ಸಿ' ಕಾರುಗಳಿಗೆ 1000 ಕಿ.ಮೀ. ಓಟಕ್ಕೆ 600 ಲೀಟರ್ ಇಂಧನ ಎಂದು ಮಿತಿ ಹಾಕಲಾಯಿತು. ಎಂಜಿನ್ ಎಷ್ಟು ದೊಡ್ಡದಾದರೂ ಇರಲಿ, ಕೊಟ್ಟ ಇಂಧನದಲ್ಲೇ ಓಟ ಮುಗಿಸಿ ಎಂಬುದು ಇದರ ಸಾರ.

ಫಾರ್ಮುಲಾ ಒನ್ ಕೂಡ 1984ರಲ್ಲಿ ಇದೇ ಹಾದಿ ಹಿಡಿಯಿತು. ನಡುವೆ ಇಂಧನ ತುಂಬುವುದನ್ನು ನಿಷೇಧಿಸಿ ಒಂದು ಪಂದ್ಯಕ್ಕೆ 220 ಲೀಟರ್ ಎಂದು ಗೊತ್ತುಮಾಡಿತು. 1986ರಲ್ಲಿ ಅದು 195 ಲೀಟರಿಗೆ ಇಳಿಯಿತು. 1988ರಲ್ಲಿ ಟರ್ಬೊ ಎಂಜಿನ್ನಿನ ಕಾರುಗಳಿಗೆ ಕೇವಲ 150 ಲೀಟರ್. ಟರ್ಬೊ ಇಲ್ಲದ ಕಾರುಗಳಿಗೆ ಈ ಮಿತಿ ಇರಲಿಲ್ಲ. ಟರ್ಬೊ ಕಾರುಗಳನ್ನು ಮೆಲ್ಲನೆ ಹೊರಹಾಕುವುದೇ ನಿಯಮದ ಉದ್ದೇಶವಾಗಿತ್ತು. ಆಗಿದ್ದೇ ಬೇರೆ! ಹೋಂಡಾ ಟರ್ಬೊ ಎಂಜಿನ್ ಹೊತ್ತ ಮೆಕ್ಲಾರೆನ್ ಕಾರುಗಳು ಆ ವರ್ಷದ 16 ಪಂದ್ಯಗಳಲ್ಲಿ 15ನ್ನು ಗೆದ್ದವು. ಕೈ ಕಟ್ಟಿದಷ್ಟೂ ಎಂಜಿನಿಯರುಗಳ ತಲೆ ಚುರುಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮರುವರ್ಷ ಟರ್ಬೊ ಎಂಜಿನ್ನುಗಳನ್ನೇ ನಿಷೇಧಿಸಲಾಯಿತು. ಪಡಿತರವೂ ಮರೆಯಾಯಿತು.

ಉರಿದದ್ದೆಷ್ಟು, ದುಡಿದದ್ದೆಷ್ಟು?

ಮುಂದಿನ ಕಾಲು ಶತಮಾನ ನಿಯಮ ಪುಸ್ತಕ ಅಳೆದದ್ದು ಎಂಜಿನ್ನಿನ ಗಾತ್ರವನ್ನು. 3.5 ಲೀಟರ್, 3 ಲೀಟರ್, 2006ರಿಂದ 2.4 ಲೀಟರ್. ಗಾತ್ರವನ್ನಷ್ಟೇ ಅಳೆದು ಇಂಧನವನ್ನು ಅಳೆಯದಿದ್ದರೆ ಏನಾಗುತ್ತದೆ? ಹೆಚ್ಚು ಶಕ್ತಿ ಬೇಕಾದವರು ಎಂಜಿನ್ನನ್ನು ಹೆಚ್ಚು ವೇಗವಾಗಿ ಸುತ್ತಿಸುತ್ತಾರೆ. ಸುತ್ತು ಹೆಚ್ಚಿದಷ್ಟೂ ಸೆಕೆಂಡಿಗೆ ಒಳಹೋಗುವ ಗಾಳಿ ಹೆಚ್ಚು, ಅದರೊಂದಿಗೆ ಉರಿಯುವ ಇಂಧನವೂ ಹೆಚ್ಚು. 2013ರಲ್ಲಿ ಎಂಟು ಸಿಲಿಂಡರುಗಳ ವಿ-8 ಎಂಜಿನ್ನುಗಳು ನಿಮಿಷಕ್ಕೆ 18,000 ಸುತ್ತು ಸುತ್ತುತ್ತಿದ್ದವು. ಕಿವಿಗೆ ಅಬ್ಬರ, ಜೇಬಿಗೂ ಗಾಳಿಗೂ ಹೊರೆ.

2014ರ ನಿಯಮ ಈ ಆಲೋಚನೆಯನ್ನೇ ತಲೆಕೆಳಗು ಮಾಡಿತು. 1.6 ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, ಅದಕ್ಕೆ ಜೊತೆಯಾಗಿ ವಿದ್ಯುತ್ ಮೋಟಾರು ಮತ್ತು ಬ್ಯಾಟರಿ. ಇಡೀ ಪಂದ್ಯಕ್ಕೆ 100 ಕಿ.ಗ್ರಾಂ. ಇಂಧನ. ಇದು ಹಿಂದಿನ ಬಳಕೆಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಮೇಲೆ ಹೇಳಿದ ಗಂಟೆಗೆ 100 ಕಿ.ಗ್ರಾಂ. ಹರಿವಿನ ಮಿತಿ ಬೇರೆ.

ಈ ಮಿತಿಯ ಅರ್ಥವೇನು, ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಗ್ರಾಂ. ಎಂದರೆ ಸೆಕೆಂಡಿಗೆ ಸುಮಾರು 28 ಗ್ರಾಂ. ಒಂದು ಕಿ.ಗ್ರಾಂ. ಪೆಟ್ರೋಲ್ ಉರಿದಾಗ ಹತ್ತಿರಹತ್ತಿರ 4.4 ಕೋಟಿ ಜೌಲ್ ಶಾಖ ಹೊರಬರುತ್ತದೆ. ಅಂದರೆ 28 ಗ್ರಾಂನಿಂದ 12 ಲಕ್ಷ ಜೌಲ್. ಸೆಕೆಂಡಿಗೆ 12 ಲಕ್ಷ ಜೌಲ್ ಎಂದರೆ 1200 ಕಿಲೋವ್ಯಾಟ್. ಇದು ಎಲ್ಲ ತಂಡಗಳಿಗೂ ಸಮಾನವಾಗಿ ಸಿಕ್ಕುವ ಬಂಡವಾಳ.

ಈ ಬಂಡವಾಳದಲ್ಲಿ ಚಕ್ರವನ್ನು ತಿರುಗಿಸಲು ಒದಗುವ ಪಾಲೇ ಎಂಜಿನ್ನಿನ ಉಷ್ಣದಕ್ಷತೆ. ಉಳಿದದ್ದು ರೇಡಿಯೇಟರಿನ ಬಿಸಿಯಾಗಿ, ಹೊಗೆಯ ಬಿಸಿಯಾಗಿ ಪೋಲಾಗುತ್ತದೆ. ಹಳೆಯ ವಿ-8 ಎಂಜಿನ್ನುಗಳ ದಕ್ಷತೆ ಶೇ. 30ರ ಆಸುಪಾಸಿನಲ್ಲಿತ್ತು. ಆ ದಕ್ಷತೆಯಲ್ಲಿ 1200 ಕಿಲೋವ್ಯಾಟಿನಿಂದ ಸಿಕ್ಕುವುದು 360 ಕಿಲೋವ್ಯಾಟ್, ಸುಮಾರು 480 ಅಶ್ವಶಕ್ತಿ. ಅದೇ ದಕ್ಷತೆ ಶೇ. 50 ಆದರೆ 600 ಕಿಲೋವ್ಯಾಟ್, 800 ಅಶ್ವಶಕ್ತಿ! ಇಂಧನ ಅಷ್ಟೇ, ಶಕ್ತಿ ಮಾತ್ರ ಹೆಚ್ಚು. ಗೆಲ್ಲಬೇಕಾದವರಿಗೆ ಪೋಲನ್ನು ತಪ್ಪಿಸುವುದೊಂದೇ ದಾರಿಯಾಯಿತು.

ಮರ್ಸಿಡಿಸ್ ಕಂಪನಿಯ ಎಂಜಿನ್ 2014ರಲ್ಲೇ ಶೇ. 44 ದಕ್ಷತೆ ಮುಟ್ಟಿತು. 2017ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ವರ್ತ್‌ನಲ್ಲಿರುವ ತನ್ನ ಕಾರ್ಖಾನೆಯ ಪರೀಕ್ಷಾ ಮೇಜಿನ ಮೇಲೆ ಶೇ. 50ನ್ನು ದಾಟಿದ್ದಾಗಿ ಕಂಪನಿ ಪ್ರಕಟಿಸಿತು. ಉರಿದ ಇಂಧನದ ಅರ್ಧಕ್ಕಿಂತ ಹೆಚ್ಚು ಪಾಲು ದುಡಿಮೆಗೆ ಒದಗುವುದು ಕಾರಿನ ಎಂಜಿನ್ನಿಗೆ ಸಾಮಾನ್ಯ ಸಾಧನೆಯಲ್ಲ.

ಬ್ರೇಕಿನಲ್ಲಿ ಅಡಗಿದ ನಿಧಿ

ಪೋಲು ತಪ್ಪಿಸುವ ಇನ್ನೊಂದು ದಾರಿ ಬ್ರೇಕಿನಲ್ಲಿದೆ. 800 ಕಿ.ಗ್ರಾಂ. ತೂಕದ ಕಾರು ಗಂಟೆಗೆ 300 ಕಿ.ಮೀ., ಅಂದರೆ ಸೆಕೆಂಡಿಗೆ 83 ಮೀಟರ್ ವೇಗದಲ್ಲಿ ಬಂದು ತಿರುವಿನಲ್ಲಿ 80 ಕಿ.ಮೀ.ಗೆ ಇಳಿಯುತ್ತದೆ ಎನ್ನಿ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸಿಕ್ಕುತ್ತದೆ. ಮೊದಲು 27 ಲಕ್ಷ ಜೌಲಿಗೂ ಮೇಲಿದ್ದದ್ದು ಕೊನೆಗೆ ಸುಮಾರು 2 ಲಕ್ಷಕ್ಕೆ ಇಳಿದಿರುತ್ತದೆ. ನಡುವೆ ಕಳೆದುಹೋದ 25 ಲಕ್ಷ ಜೌಲಿನಿಂದ ಏಳು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಇದರಲ್ಲಿ ಒಂದು ಪಾಲು ಗಾಳಿಯ ತಡೆಗೆ ಹೋದರೆ ಹೆಚ್ಚಿನ ಪಾಲು ಬ್ರೇಕಿನ ಬಿಲ್ಲೆಗಳನ್ನು ಕೆಂಡದಂತೆ ಕಾಯಿಸಿ ಕರಗಿಹೋಗುತ್ತದೆ.

ಬ್ರೇಕು ಹಾಕುವಾಗ ಮೋಟಾರನ್ನೇ ಡೈನಮೊ ಆಗಿ ಬಳಸಿದರೆ ಈ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ತುಂಬಬಹುದು. 2009ರಲ್ಲಿ ಫಾರ್ಮುಲಾ ಒನ್ ಇದಕ್ಕೆ ಮೊದಲ ಬಾರಿ ಅವಕಾಶ ಕೊಟ್ಟಿತು. ಆಗ ಒಂದು ಸುತ್ತಿಗೆ ಬಳಸಬಹುದಾಗಿದ್ದದ್ದು 4 ಲಕ್ಷ ಜೌಲ್ ಮಾತ್ರ. 2014ರಲ್ಲಿ ಬ್ಯಾಟರಿಯಿಂದ ಮೋಟಾರಿಗೆ ಕೊಡಬಹುದಾದ ಶಕ್ತಿ ಸುತ್ತಿಗೆ 40 ಲಕ್ಷ ಜೌಲಿಗೆ ಏರಿತು. ಜೊತೆಗೆ ಹೊರಹೋಗುವ ಹೊಗೆಯಿಂದ ತಿರುಗುವ ಟರ್ಬೈನಿಗೂ ಒಂದು ಪುಟ್ಟ ಜನರೇಟರನ್ನು ಜೋಡಿಸಲಾಯಿತು. ಗಾಳಿಪಾಲಾಗುತ್ತಿದ್ದ ಹೊಗೆಯೂ ವಿದ್ಯುತ್ತು ಕೊಡತೊಡಗಿತು.

ಸದ್ದೆಲ್ಲಿ ಹೋಯಿತು?

ಇಷ್ಟಾದರೂ ಮೆಲ್ಬರ್ನಿನ ಮೊದಲ ದಿನದಿಂದಲೇ ದೂರು ಶುರುವಾಯಿತು. ಕಾರುಗಳಿಗೆ ಸದ್ದೇ ಇಲ್ಲವೆಂದು ಪಂದ್ಯದ ಸಂಘಟಕರು ಗೊಣಗಿದರು. ಆಗ ಫಾರ್ಮುಲಾ ಒನ್ ವ್ಯವಹಾರದ ಮುಖ್ಯಸ್ಥರಾಗಿದ್ದ ಬರ್ನಿ ಎಕ್ಲ್‌ಸ್ಟನ್ ಅವರೂ ದನಿಗೂಡಿಸಿದರು. ಆ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಮರ್ಸಿಡಿಸ್ ತಂಡ ಹೊಗೆಕೊಳವೆಯ ತುದಿಗೆ ತುತ್ತೂರಿಯಂತಹ ಬಾಯಿ ಜೋಡಿಸಿ ಪ್ರಯೋಗ ಮಾಡಿತು. ಫಲವೇನೂ ಸಿಗಲಿಲ್ಲ.

ಸದ್ದು ಕುಗ್ಗಿದ್ದೇಕೆ? ಎಂಜಿನ್ನಿನಿಂದ ಹೊರನುಗ್ಗುವ ಹೊಗೆಯ ಒತ್ತಡದ ಬಡಿತಗಳೇ ನಮಗೆ ಅಬ್ಬರವಾಗಿ ಕೇಳಿಸುತ್ತವೆ. ಆ ಒತ್ತಡವನ್ನು ಟರ್ಬೈನ್ ಹೀರಿಕೊಂಡರೆ ಬಡಿತ ಸಪ್ಪೆಯಾಗುತ್ತದೆ. ಸುತ್ತುವ ವೇಗ ಇಳಿದಾಗ ಸ್ವರವೂ ತಗ್ಗುತ್ತದೆ. ಪ್ರೇಕ್ಷಕರು ಕಳೆದುಕೊಂಡ ಅಬ್ಬರದ ಹಿಂದೆ ಇದ್ದದ್ದು ಹಿಂದೆ ಪೋಲಾಗುತ್ತಿದ್ದ ಶಕ್ತಿಯೇ. ಹಾಗೆಂದು ಪ್ರೇಕ್ಷಕರ ಬೇಸರವನ್ನು ತಳ್ಳಿಹಾಕುವಂತಿಲ್ಲ. ಹಣ ಕೊಟ್ಟು ಬರುವವರು ಬಯಸುವುದು ರೋಮಾಂಚನವನ್ನು, ಉಷ್ಣದಕ್ಷತೆಯನ್ನಲ್ಲ.

ಬೇರೆ ದೂರುಗಳೂ ಇದ್ದವು. ಬ್ಯಾಟರಿ, ಮೋಟಾರುಗಳಿಂದ ಕಾರಿನ ತೂಕ ಹೆಚ್ಚಿತು. 2013ರಲ್ಲಿ 642 ಕಿ.ಗ್ರಾಂ. ಇದ್ದ ಕನಿಷ್ಠ ತೂಕ ಮರುವರ್ಷ 691ಕ್ಕೆ ಏರಿತು. ಸುರಕ್ಷತೆಯ ಭಾಗಗಳೂ ದೊಡ್ಡ ಚಕ್ರಗಳೂ ಸೇರಿಕೊಂಡು 2022ರಲ್ಲಿ 798ನ್ನು ಮುಟ್ಟಿತು. ಜಟಿಲವಾದ ಎಂಜಿನ್ನಿನ ಬೆಲೆ ಸಣ್ಣ ತಂಡಗಳಿಗೆ ಭಾರವಾಯಿತು. ಈ ವೆಚ್ಚಕ್ಕೆ ಹೆದರಿ ಹೊಸ ಕಂಪನಿಗಳು ಎಂಜಿನ್ ತಯಾರಿಕೆಗೆ ಮುಂದೆ ಬರಲು ಹಿಂಜರಿದವು.

ರೂಪಾಯಿಯಲ್ಲಿ ಪೈಸೆಯೂ ಅಲ್ಲ

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಕ್ಕೆ ಆಧಾರ ಒದಗಿಸಿದ್ದು ಸ್ವತಃ ಫಾರ್ಮುಲಾ ಒನ್ ಸಂಸ್ಥೆಯೇ. 2030ರೊಳಗೆ ತನ್ನ ಇಂಗಾಲದ ಲೆಕ್ಕವನ್ನು ನಿವ್ವಳ ಸೊನ್ನೆಗೆ ತರುವುದಾಗಿ 2019ರಲ್ಲಿ ಘೋಷಿಸುವಾಗ ಅದು 2018ರ ಲೆಕ್ಕವನ್ನು ಬಹಿರಂಗಪಡಿಸಿತು. ಆ ವರ್ಷದ ಒಟ್ಟು ಹೊರಸೂಸುವಿಕೆ ಇಂಗಾಲದ ಡೈ ಆಕ್ಸೈಡಿನ ಲೆಕ್ಕದಲ್ಲಿ 2,56,551 ಟನ್.

ಇದನ್ನು ಒಂದು ರೂಪಾಯಿ ಎಂದುಕೊಂಡರೆ 45 ಪೈಸೆ ಕಾರು, ಟೈರು, ಸಲಕರಣೆಗಳನ್ನು ವಿಮಾನ, ಹಡಗು, ಲಾರಿಗಳಲ್ಲಿ ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಸೇರುತ್ತದೆ. ಸುಮಾರು 28 ಪೈಸೆ ಸಿಬ್ಬಂದಿಯ ಪ್ರಯಾಣದ ಪಾಲು. 19 ಪೈಸೆ ಕಚೇರಿ, ಕಾರ್ಖಾನೆಗಳದ್ದು. 7 ಪೈಸೆ ಪಂದ್ಯ ನಡೆಸುವ ವ್ಯವಸ್ಥೆಯದ್ದು. ಇನ್ನು ಟ್ರ್ಯಾಕಿನ ಮೇಲೆ ಗುಡುಗುವ ಕಾರುಗಳ ಎಂಜಿನ್ನಿನದ್ದು? ಕೇವಲ 0.7, ಅಂದರೆ ಒಂದು ಪೈಸೆಯೂ ಇಲ್ಲ! ದೂರದೂರದಿಂದ ಬರುವ ಪ್ರೇಕ್ಷಕರ ಪ್ರಯಾಣವಂತೂ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ವಾದ ಕವಲೊಡೆಯುವುದು ಇಲ್ಲಿಯೇ. ಒಂದು ಪೈಸೆಯೂ ಅಲ್ಲದ್ದನ್ನು ಉಳಿಸಲು ಕೋಟಿಗಟ್ಟಲೆ ಸುರಿದು, ಆಟದ ಸೊಗಸನ್ನೂ ಕೆಡಿಸಬೇಕೇ ಎನ್ನುತ್ತದೆ ಒಂದು ಪಕ್ಷ. ಕಾರುಗಳು ಸುಡುವ ಇಂಧನ ಮುಖ್ಯವಲ್ಲ, ಅವು ಕಲಿಸುವ ಪಾಠ ಮುಖ್ಯ ಎನ್ನುತ್ತದೆ ಇನ್ನೊಂದು. ಕೆಲವೇ ರೇಸ್ ಕಾರುಗಳು ಉಳಿಸುವುದು ಅತ್ಯಲ್ಪ, ಆದರೆ ಅದೇ ತಂತ್ರ ಕೋಟ್ಯಂತರ ಬೀದಿ ಕಾರುಗಳಿಗೆ ಇಳಿದರೆ ಉಳಿತಾಯ ಅಪಾರ ಎಂಬುದು ಅದರ ನಿಲುವು.

ತಂತ್ರ ನಿಜಕ್ಕೂ ಬೀದಿಗೆ ಇಳಿದಿದೆಯೇ? ಸ್ವಲ್ಪ ಇಳಿದಿದೆ. ಸಿಲಿಂಡರಿನ ಮೇಲೆ ಪುಟ್ಟ ಕೋಣೆಯೊಂದರಲ್ಲಿ ಮೊದಲು ಕಿಡಿ ಹೊತ್ತಿಸಿ, ಅಲ್ಲಿಂದ ಜ್ವಾಲೆಯನ್ನು ಚಿಮ್ಮಿಸಿ ತೆಳು ಮಿಶ್ರಣವನ್ನೂ ಪೂರ್ತಿ ಉರಿಸುವ ವಿಧಾನ 2020ರ ಮಾಸೆರಾಟಿ ಕಾರಿನಲ್ಲಿ ಕಾಣಿಸಿಕೊಂಡಿತು. ವಿದ್ಯುತ್ ಮೋಟಾರು ಜೋಡಿಸಿದ ಟರ್ಬೊ 2022ರಲ್ಲಿ ಮರ್ಸಿಡಿಸ್ ಎಎಂಜಿ ಕಾರಿಗೆ ಬಂತು. ಆದರೆ ಇವೆಲ್ಲ ಸಿರಿವಂತರ ಕಾರುಗಳು. ಜನಸಾಮಾನ್ಯರ ಕಾರಿನವರೆಗಿನ ದಾರಿ ಇನ್ನೂ ದೂರವಿದೆ. ಈ ನಡುವೆ ಪೂರ್ಣ ವಿದ್ಯುತ್ ಕಾರುಗಳು ಬೇರೆಯೇ ದಾರಿಯಲ್ಲಿ ಮುನ್ನುಗ್ಗುತ್ತಿವೆ.

ಹೊಗೆ ಬಂದರೂ ಹಸಿರೇ?

ಮುಂದಿನ ಹೆಜ್ಜೆ ಇಂಧನವನ್ನೇ ಬದಲಿಸುವುದು. 2022ರಲ್ಲಿ ಫಾರ್ಮುಲಾ ಒನ್ ಪೆಟ್ರೋಲಿಗೆ ಶೇ. 10 ಎಥನಾಲ್ ಬೆರೆಸಲಾಯಿತು. ಈ ವಿಷಯದಲ್ಲಿ ನಮ್ಮ ಸ್ಕೂಟರುಗಳು ರೇಸ್ ಕಾರಿಗಿಂತ ಹಿಂದೆ ಬಿದ್ದಿರಲಿಲ್ಲ. 2023ರಿಂದ ಭಾರತದ ಬಂಕುಗಳಿಗೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿತು. ಅದರ ಒಂದು ಪಾಲಿಗೆ ನಮ್ಮ ಕಬ್ಬೇ ಮೂಲ.

2026ರ ನಿಯಮ ಇನ್ನೂ ಮುಂದೆ ಹೋಗಿ, ನೆಲದಾಳದ ತೈಲವನ್ನೇ ಬಿಟ್ಟು ಪೂರ್ತಿ ಸುಸ್ಥಿರ ಇಂಧನ ಬಳಸಬೇಕೆಂದು ವಿಧಿಸಿತು. ಕೃಷಿ ತ್ಯಾಜ್ಯ, ಕಸ ಅಥವಾ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡಿನಿಂದ ಇದನ್ನು ತಯಾರಿಸಬೇಕು, ಆಹಾರದ ಬೆಳೆಯಿಂದಲ್ಲ. ಕೆಳಹಂತದ ಫಾರ್ಮುಲಾ ಟೂ ಪಂದ್ಯಗಳಿಗೆ ಇಂತಹ ಇಂಧನ 2025ರಲ್ಲೇ ಬಂತು. ಆ ವರ್ಷ ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ಪಂದ್ಯವನ್ನು ಬೆಂಗಳೂರಿನ ಕುಶ್ ಮೈನಿ ಗೆದ್ದದ್ದು ಈ ಇಂಧನದ ಬಲದಿಂದಲೇ.

ಇದು ಉರಿದಾಗ ಹೊಗೆ ಬರುವುದಿಲ್ಲವೇ? ಖಂಡಿತ ಬರುತ್ತದೆ. ಒಂದು ಕಿ.ಗ್ರಾಂ. ಪೆಟ್ರೋಲ್ ಉರಿದರೆ ಮೂರು ಕಿ.ಗ್ರಾಂಗೂ ಮಿಕ್ಕಿ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ಸುಸ್ಥಿರ ಇಂಧನವೂ ಹೆಚ್ಚು ಕಡಿಮೆ ಅಷ್ಟೇ ಉಗುಳುತ್ತದೆ. ವ್ಯತ್ಯಾಸವಿರುವುದು ಇಂಗಾಲದ ಮೂಲದಲ್ಲಿ. ನೆಲದಾಳದ ತೈಲದಲ್ಲಿ ಕೋಟ್ಯಂತರ ವರ್ಷಗಳಿಂದ ಹೂತುಹೋಗಿದ್ದ ಇಂಗಾಲ ಹೊಸದಾಗಿ ಗಾಳಿಗೆ ಸೇರುತ್ತದೆ. ಸುಸ್ಥಿರ ಇಂಧನದಲ್ಲಿ, ಇತ್ತೀಚೆಗೆ ಗಾಳಿಯಿಂದ ಪಡೆದದ್ದೇ ಗಾಳಿಗೆ ಮರಳುತ್ತದೆ. ಪಡೆದ ಸಾಲವನ್ನು ತೀರಿಸಿದಂತೆ.

ಆದರೆ ಈ ಇಂಧನವೇನೂ ಪುಕ್ಕಟೆಯಲ್ಲ. ಗಾಳಿಯ ಇಂಗಾಲದಿಂದ ಇದನ್ನು ತಯಾರಿಸಬೇಕಾದರೆ ಮೊದಲು ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ಪಡೆಯಬೇಕು. ಅದನ್ನು ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿಸಿ ದ್ರವವಾಗಿಸಬೇಕು. ಪ್ರತಿ ಹಂತದಲ್ಲೂ ಶಕ್ತಿ ಸೋರುತ್ತದೆ. ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಕಾರು ಎಷ್ಟೋ ಹೆಚ್ಚು ದೂರ ಓಡುತ್ತದೆ. ಹಾಗಾಗಿ ಬ್ಯಾಟರಿಯ ತೂಕ ಹೊರಲಾಗದ ವಿಮಾನ, ಹಡಗುಗಳಿಗೆ ಇಂತಹ ಇಂಧನ ಹೆಚ್ಚು ಪ್ರಯೋಜನಕಾರಿ. ಮೇಲಿನ ರೂಪಾಯಿಯ ಲೆಕ್ಕದಲ್ಲಿ ದೊಡ್ಡ ಪಾಲು ಸಾಗಣೆಯದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಹೊಸ ನಿಯಮ, ಹಳೆಯ ಹಂಬಲ

2026ರ ನಿಯಮ ಹೊಗೆಯ ಜನರೇಟರನ್ನು ಕೈಬಿಟ್ಟಿತು. ಅದು ದುಬಾರಿ, ಜಟಿಲ ಎಂಬುದೇ ಕಾರಣ. ಬದಲಿಗೆ ಚಕ್ರಕ್ಕೆ ಬಲ ಕೊಡುವ ಮೋಟಾರಿನ ಶಕ್ತಿಯನ್ನು 120ರಿಂದ 350 ಕಿಲೋವ್ಯಾಟಿಗೆ ಏರಿಸಿ, ಎಂಜಿನ್ನಿನ ಪಾಲನ್ನು ಸುಮಾರು 400ಕ್ಕೆ ಇಳಿಸಿತು. ಇಂಧನವನ್ನೂ ತೂಕದ ಬದಲು ಶಕ್ತಿಯಿಂದಲೇ ಅಳೆದು, ಗಂಟೆಗೆ 300 ಕೋಟಿ ಜೌಲ್ ಎಂದು ನಿಗದಿ ಮಾಡಿತು. 400 ಕಿಲೋವ್ಯಾಟ್ ಪಡೆಯಲು ಎಂಜಿನ್ ಎಷ್ಟು ದಕ್ಷವಾಗಿರಬೇಕು ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಬಹುದು. ಉತ್ತರ ಶೇ. 48ರ ಹತ್ತಿರ ಬರುತ್ತದೆ.

ಕಂಪನಿಗಳ ಮಟ್ಟಿಗೆ ನಿಯಮ ಫಲ ಕೊಟ್ಟಿತು. ಇಂಗಾಲದ ಗುರಿಯತ್ತ ಗಮನ ಹರಿಸಬೇಕೆಂದು 2020ರಲ್ಲಿ ವಿದಾಯ ಘೋಷಿಸಿದ್ದ ಹೋಂಡಾ 2026ಕ್ಕೆ ಮರಳುವುದಾಗಿ 2023ರಲ್ಲಿ ತಿಳಿಸಿತು. ಆಡಿ, ಫೋರ್ಡ್ ಕಂಪನಿಗಳೂ ಮುಂದೆ ಬಂದವು. ಆದರೆ ಬ್ಯಾಟರಿ ತುಂಬಿಸಲೆಂದು ಚಾಲಕರು ನೇರ ದಾರಿಯಲ್ಲೂ ವೇಗ ತಗ್ಗಿಸಬೇಕಾದೀತು ಎಂಬ ಆತಂಕ ನಿಯಮ ಜಾರಿಯಾಗುವ ಮೊದಲೇ ಕೇಳಿಬಂತು. 2025ರ ಆರಂಭದಲ್ಲಿ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಅಧ್ಯಕ್ಷ ಮೊಹಮ್ಮದ್ ಬಿನ್ ಸುಲೇಯಮ್ ಅವರೇ ಹೊಸ ವಿಚಾರ ಮುಂದಿಟ್ಟರು. ಇಂಧನ ಸುಸ್ಥಿರವಾದ ಮೇಲೆ ಹಳೆಯ ಅಬ್ಬರದ ವಿ-10 ಎಂಜಿನ್ನುಗಳನ್ನು ಏಕೆ ಮರಳಿ ತರಬಾರದು? ಏಪ್ರಿಲಿನಲ್ಲಿ ಬಹ್ರೇನ್‌ನಲ್ಲಿ ಸೇರಿದ ತಯಾರಕರು 2026ರ ನಿಯಮವೇ ಇರಲಿ ಎಂದರು.

ಆದರೂ ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸುಸ್ಥಿರ ಇಂಧನವಿದ್ದರೆ ಎಷ್ಟು ಸುಟ್ಟರೇನು ಎಂಬ ವಾದದಲ್ಲಿ ಒಂದು ಕೊರತೆಯಿದೆ. ಇಂಧನ ತಯಾರಿಸಲು ಹಿಡಿದ ಶಕ್ತಿಯ ಲೆಕ್ಕ ಅದರಲ್ಲಿ ಬಿಟ್ಟುಹೋಗುತ್ತದೆ. ಕಷ್ಟಪಟ್ಟು ತಯಾರಿಸಿದ್ದನ್ನು ಪೋಲು ಮಾಡುವುದು ಹಸಿರು ಎನಿಸದು. ಅದೇ ರೀತಿ, ಎಂಜಿನ್ ದಕ್ಷವಾಯಿತು ಎಂದ ಮಾತ್ರಕ್ಕೆ ರೇಸು ಹಸಿರಾಯಿತು ಎನ್ನುವುದೂ ಪೂರ್ಣ ಸತ್ಯವಲ್ಲ. 2018ರಲ್ಲಿ 21 ಇದ್ದ ಪಂದ್ಯಗಳು 2024ರಲ್ಲಿ 24 ಆದವು.

ಹಾಗಿದ್ದೂ 2024ರ ಹೊತ್ತಿಗೆ ಒಟ್ಟು ಹೊರಸೂಸುವಿಕೆ 2018ಕ್ಕಿಂತ ಶೇ. 26ರಷ್ಟು ಇಳಿದಿದೆ ಎಂದು ಸಂಸ್ಥೆ ವರದಿ ಮಾಡಿತು. ಒಂದು ಪೈಸೆಯೂ ಇಲ್ಲದ ಬಾಬಿನಿಂದ 26 ಪೈಸೆ ಉಳಿಯುವುದು ಸಾಧ್ಯವಿಲ್ಲವಷ್ಟೆ. ಈ ಇಳಿಕೆ ಬಂದದ್ದು ಎಂಜಿನ್ನಿನ ಆಚೆಗಿನ ಕೆಲಸಗಳಿಂದ. ಕಾರ್ಖಾನೆಗಳಿಗೆ ಮರುಬಳಕೆಯ ಶಕ್ತಿಮೂಲಗಳ ವಿದ್ಯುತ್ತು, ಯುರೋಪಿನ ಸಾಗಣೆಗೆ ಜೈವಿಕ ಇಂಧನದ ಲಾರಿಗಳು, ಹತ್ತಿರದ ದೇಶಗಳ ಪಂದ್ಯಗಳನ್ನು ಒಂದರ ಹಿಂದೊಂದು ಇಡುವುದು ಇವೆಲ್ಲ ನೆರವಾದವು. 2024ರಲ್ಲಿ ಜಪಾನಿನ ಪಂದ್ಯವನ್ನು ಏಪ್ರಿಲಿಗೆ ತಂದದ್ದು ಇದೇ ಕಾರಣಕ್ಕೆ. ಪ್ರೇಕ್ಷಕರ ಕಣ್ಣಿಗೆ ಬೀಳದ, ಸದ್ದಿಲ್ಲದ ಬದಲಾವಣೆಗಳಿವು.

ನಿಯಮ ಏನನ್ನು ಅಳೆಯುತ್ತದೋ ಮನುಷ್ಯನ ಜಾಣ್ಮೆ ಅದರ ಸುತ್ತಲೇ ದುಡಿಯುತ್ತದೆ. ಎಂಜಿನ್ನಿನ ಗಾತ್ರ ಅಳೆದಾಗ ಅಬ್ಬರ ಬೆಳೆಯಿತು. ಇಂಧನ ಅಳೆದಾಗ ದಕ್ಷತೆ ಬೆಳೆಯಿತು. ಸಾಗಣೆ, ಪ್ರಯಾಣಗಳನ್ನೂ ಅಳೆಯಲು ತೊಡಗಿದ ಮೇಲೆಯೇ ಒಟ್ಟು ಲೆಕ್ಕ ಇಳಿಯತೊಡಗಿತು. ಮನೆಯ ಮಟ್ಟಿಗೂ ಈ ಮಾತು ನಿಜ. ಸ್ಕೂಟರು ಲೀಟರಿಗೆ ಎಷ್ಟು ಕಿ.ಮೀ. ಕೊಡುತ್ತದೆ ಎಂದು ಬರೆದಿಡುವ ತಂದೆ ತಾಯಿಯರು ಬಹಳ. ತಿಂಗಳಿಗೆ ಒಟ್ಟು ಎಷ್ಟು ಕಿ.ಮೀ. ಓಡಿತು, ಅದರಲ್ಲಿ ನಡೆದೇ ಹೋಗಬಹುದಾಗಿದ್ದದ್ದು ಎಷ್ಟು ಎಂದು ಬರೆದಿಡುವವರು ವಿರಳ. ಮಕ್ಕಳು ಒಂದು ತಿಂಗಳ ಮಟ್ಟಿಗೆ ಆ ಲೆಕ್ಕ ಇಡಲಿ. ಮನೆಯ ರೂಪಾಯಿಯಲ್ಲಿ ಯಾವುದು 45 ಪೈಸೆ, ಯಾವುದು ಮುಕ್ಕಾಲು ಪೈಸೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.